ಮಂಚದ ಎದುರಿಗೆ

"ದಿಂಬಿನ ಕೆಳಗೆ ಏನಿದೆ ಅಂತ ಕೇಳಲ್ವಾ, ಡಾಕ್ಟ್ರೇ?"

ರೈಮುಂಡ್ ಹಾಸ್ಲಿಂಗರ್ ಮನೋವಿಶ್ಲೇಷಣೆ ಕಲಿಯುತ್ತಿದ್ದ ವೈದ್ಯ. ಆಸ್ಪತ್ರೆಯ ವಾರ್ಡಿನಲ್ಲೂ ಗುರುಗಳು ಕಲಿಸಿದಂತೆ ಮಂಚದ ತಲೆಯ ಹಿಂದೆ, ರೋಗಿಯ ಕಣ್ಣಿಗೆ ಬೀಳದ ಹಾಗೆ ಕೂತಿದ್ದ. ವೈದ್ಯ ಬಾಯಿಮುಚ್ಚಿ ಕೇಳಬೇಕು. ಮನಸ್ಸು ತಾನಾಗಿ ಬಿಚ್ಚಿಕೊಳ್ಳಬೇಕು. ಬಿಚ್ಚಿಕೊಂಡಿತ್ತು ಕೂಡ. ಯೂಲಿಯಾನೆ ವೈಡಾ ತನ್ನ ಬಾಲ್ಯ, ಮುದ್ದು ಮಾಡದ ತಾಯಿ, ವಿಯೆನ್ನಾದ ನಾಟಕಶಾಲೆಯಲ್ಲಿ ರಂಗದಡಿಯ ಗೂಡಿನಲ್ಲಿ ಕೂತು ನಟರಿಗೆ ಮರೆತ ಮಾತು ಎತ್ತಿಕೊಟ್ಟ ವರ್ಷಗಳು, ಎಲ್ಲವನ್ನೂ ಹೇಳಿದ್ದಳು. ಗಂಟಲಿನ ಗೆಡ್ಡೆ ಅವಳಿಗೆ ಪಿಸುಮಾತನ್ನಷ್ಟೇ ಉಳಿಸಿತ್ತು. ಶಸ್ತ್ರವೈದ್ಯರು ಕೈಚೆಲ್ಲಿದ್ದರು.

"ನಿದ್ದೆ ಮಾತ್ರೆ. ನುಂಗಿದ ಹಾಗೆ ಮಾಡಿ ಕೂಡಿಟ್ಟಿದೀನಿ. ಭಾನುವಾರ ಮುಗಿಸ್ತೀನಿ."

ರೈಮುಂಡ್ ಎದ್ದು ನಿಂತ. ನರ್ಸಿಗೆ ಹೇಳಿದರೆ ಈಕೆಯನ್ನು ಏಳಲಾಗದಂತೆ ಬಲೆ ಹೊದಿಸಿದ ಮಂಚಕ್ಕೆ ಹಾಕುತ್ತಾರೆ. ಸುಮ್ಮನಿದ್ದರೆ ಹೆಣ ತನ್ನ ಕೊರಳಿಗೆ. ಹೊರಗೆ ಹೋಗಿ ಗುರು ಶ್ಟಾಡ್ಲರ್‌ಗೆ ಫೋನ್ ಮಾಡಿದ.

"ಮಾತ್ರೆ ಅಂದ್ರೆ ತಾಯಿ ಕೊಡದೇ ಹೋದ ಹಾಲು ಕಣಯ್ಯಾ. ಅದನ್ನ ಅವಳಿಗೆ ಬಿಡಿಸಿ ಹೇಳು. ನಿನ್ನ ಕಾಫಿಹೌಸ್ ತತ್ವಜ್ಞಾನ ಅಲ್ಲಿ ತರಬೇಡ."

ಕಾಫಿಹೌಸಿನಲ್ಲಿ ರೈಮುಂಡ್ ಓದುತ್ತಿದ್ದ ಪುಸ್ತಕಗಳು ಬೇರೆಯೇ ಮಾತು ಹೇಳುತ್ತಿದ್ದವು: ಒಬ್ಬರ ಸಾವನ್ನು ಇನ್ನೊಬ್ಬರು ಸಾಯಲಾಗದು, ಅಲ್ಲಿಯವರೆಗಿನ ಬದುಕಿಗೆ ಅವರವರೇ ಹೊಣೆ. ಒಳಗೆ ಬಂದವನ ಬಾಯಿಂದ ಹಾಲಿನ ಮಾತು ಹೊರಡಲಿಲ್ಲ. ಕುರ್ಚಿ ಎಳೆದು ಅವಳ ಎದುರಿಗೆ ಹಾಕಿ ಕೂತ.

ಅವಳು ಅವನ ಮುಖ ನೋಡಿದಳು. "ಅಯ್ಯೋ, ಬೆವೆತು ಹೋಗಿದೀರಲ್ಲ. ಹೆದರಿದ್ರಾ?"

"ಹೆದರಿದೀನಿ."

"ನಾಟಕ ಮುಗೀತು. ಪರದೆ ಎಳೆಯೋದಷ್ಟೇ ಬಾಕಿ."

"ನಾನು ಮಾತ್ರೆ ಕಿತ್ಕೊಳಲ್ಲ. ಒಂದೇ ಕೇಳ್ತೀನಿ. ನೀವು ಹೋದ್ರೆ ಬೇರೆ ಯಾರೂ ಮಾಡೋಕಾಗದೆ ಉಳಿಯೋ ಕೆಲಸ ಏನಾದ್ರೂ ಇದೆಯಾ?"

"ಪ್ರಾಂಪ್ಟರ್ ಸತ್ತರೆ ನಾಟಕ ನಿಲ್ಲುತ್ತಾ? ಹೋಗ್ರಿ!"

ಅಷ್ಟರಲ್ಲಿ ಪಕ್ಕದ ಪರದೆಯಾಚೆ ಬಿಕ್ಕಳಿಕೆ ಕೇಳಿತು. ಟ್ರಾಮ್ ಕಂಡಕ್ಟರ್ ಹುಡುಗಿ ಟ್ರೌಡಿ. ನಾಳೆ ಅವಳ ಒಂದು ಸ್ವರತಂತುವನ್ನು ತೆಗೆಯಲಿದ್ದರು. "ನಾನು ಬೇಡ ಅಂತೀನಿ, ಮನೆಗೆ ಹೋಗ್ತೀನಿ, ಮೂಗಿಯಾಗಿ ಬದುಕಲ್ಲ" ಎಂದು ನರ್ಸಿನ ಕೈ ಕೊಡವುತ್ತಿದ್ದಳು.

ರೈಮುಂಡ್ ಏಳಹೊರಟ. ವೈಡಾ ಅವನ ತೋಳು ಹಿಡಿದು ತಡೆದಳು. ತಾನೇ ಎದ್ದು, ಗೋಡೆ ಹಿಡಿದು, ಪರದೆ ಸರಿಸಿದಳು.

"ಲೇ, ಇಲ್ಲಿ ನೋಡು. ನನ್ನ ಮಾತು ಕೇಳಿಸ್ತಾ?"

ಹುಡುಗಿ ತಲೆಯಾಡಿಸಿದಳು.

"ನನಗೆ ದನಿಯೇ ಇಲ್ಲ. ಆದ್ರೂ ಕೇಳಿಸ್ತಲ್ಲ? ಗಂಟಲಿಂದ ಅಲ್ಲ ಕಣೇ, ತುಟಿಯಿಂದ ಮಾತಾಡಬೇಕು. ಉಸಿರನ್ನ ಎದುರಿಗಿರೋನ ಕಿವಿಗೆ ಎಸೀಬೇಕು. ಎಲ್ಲಿ, ದನಿ ಎತ್ತದೆ 'ಟಿಕೆಟ್' ಅನ್ನು."

"ಟಿಕೆಟ್."

"ಛೀ, ಇಲಿ ಕೆಮ್ಮಿದ ಹಾಗಿದೆ. ಮತ್ತೆ!"

ರೈಮುಂಡ್ ದಿಂಬು ಮುಟ್ಟದೆ ಹೊರಟ. ಮರುದಿನ ಟ್ರೌಡಿಯ ಶಸ್ತ್ರಚಿಕಿತ್ಸೆ ಆಯಿತು. ಭಾನುವಾರ ಬೆಳಿಗ್ಗೆ ರೈಮುಂಡ್ ಏದುಸಿರು ಬಿಡುತ್ತ ವಾರ್ಡಿಗೆ ನುಗ್ಗಿದ. ವೈಡಾಳ ಮಂಚ ಖಾಲಿ.

"ಶ್! ಪಾಠ ನಡೀತಿದೆ," ಎಂದಿತು ಪರದೆಯಾಚೆಯಿಂದ ವೈಡಾಳ ಪಿಸುಮಾತು.

ಕೆಲವು ವಾರಗಳ ಬಳಿಕ ವೈಡಾ ಕಾಯಿಲೆಯಿಂದಲೇ ತೀರಿಕೊಂಡಳು. ಟ್ರೌಡಿ ಪಕ್ಕದಲ್ಲಿದ್ದಳು.

ಶ್ಟಾಡ್ಲರ್ ಎಲ್ಲವನ್ನೂ ಕೇಳಿ ಮುಖ ಗಂಟಿಕ್ಕಿದ. "ಜೂಜಾಡಿದೀಯ. ಇದು ಮನೋವಿಶ್ಲೇಷಣೆ ಅಲ್ಲ."

"ಅಲ್ಲ ಅಂತಲೇ ಇಟ್ಕೊಳ್ಳಿ, ಸಾರ್. ಆದ್ರೆ ನೀವು ಕೇಳಿಸ್ಕೊಳೋದು ಕಲಿಸದಿದ್ರೆ ಅವಳು ಮಾತ್ರೆ ವಿಷಯ ನನಗೆ ಹೇಳ್ತಾನೇ ಇರಲಿಲ್ಲ."

ಮುದುಕ ಕೇಳಿದ: "ಆ ಹುಡುಗಿಗೆ ಮಾತು ಬಂತಾ?"

"ಪಿಸುಮಾತು. ಟ್ರಾಮಿನ ಕೊನೇ ಸೀಟಿಗೂ ಕೇಳುತ್ತಂತೆ."