ಇಬ್ತಿಹಾಲಳ ಪದವಿ: ಸೇರುವ ಮುಂಚೆ ಕೇಳಿದ ಮಾತುಗಳು

ನಮ್ಮ ಹಳ್ಳಿಯಲ್ಲಿ ಮಗು ಹನ್ನೆರಡನೇ ತರಗತಿ ಪಾಸಾದ ದಿನ ಮನೆಯವರಿಗೆ ಸಂತೋಷಕ್ಕಿಂತ ಭಯವೇ ಹೆಚ್ಚು. ಮುಂದೇನು? ತಾಇಝ್ ನಗರದ ವಿಶ್ವವಿದ್ಯಾಲಯ ಮೊದಲು ಹತ್ತಿರದಲ್ಲೇ ಇತ್ತು. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಿತ್ತು. ಯುದ್ಧ ಬಂತು, ನೇರ ರಸ್ತೆ ಮುಚ್ಚಿತು. ಈಗ ಬೆಟ್ಟ ಸುತ್ತಿಕೊಂಡು, ಬಂದೂಕು ಹಿಡಿದವರು ನಿಂತಿರುವ ತಪಾಸಣೆಯ ಜಾಗಗಳನ್ನೆಲ್ಲ ದಾಟಿಕೊಂಡು ಹೋಗಬೇಕು. ಹಳೆಯ ಕಾಲುದಾರಿಯ ಮಣ್ಣಿನೊಳಗೆ ನೆಲಬಾಂಬುಗಳಿವೆ. ಎಲ್ಲಿವೆ ಎಂದು ಹೂತವರಿಗೂ ನೆನಪಿಲ್ಲ.

ನೀರಿನ ಲಾರಿ ಓಡಿಸುವ ಗಾಲಿಬ್‌ಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಮಗ ನಶ್ವಾನ್ ಕಾಲೇಜಿನಿಂದ ಮನೆಗೆ ಬರುವ ಆತುರದಲ್ಲಿ ಆ ಕಾಲುದಾರಿ ಹಿಡಿದಿದ್ದ. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ. ಆಸ್ಪತ್ರೆಯ ಅಂಗಳದಲ್ಲೇ ಗಾಲಿಬ್ ಆಣೆ ಮಾಡಿದ: "ಇನ್ನು ನನ್ನ ಮಕ್ಕಳಲ್ಲಿ ಒಬ್ಬರೂ ಆ ಕಡೆ ಕಾಲಿಡಲ್ಲ."

ನಶ್ವಾನನ ತಂಗಿ ಇಬ್ತಿಹಾಲ್. ಅಣ್ಣ ಹಾಸಿಗೆ ಹಿಡಿದಿದ್ದಾಗ ಅವನ ಕಾಲೇಜಿನ ಗಣಿತದ ಪುಸ್ತಕಗಳನ್ನು ಓದತೊಡಗಿದಳು. ಮೊದಮೊದಲು ಅವನು ಇವಳಿಗೆ ಹೇಳಿಕೊಡುತ್ತಿದ್ದ. ಆಮೇಲಾಮೇಲೆ ಇವಳೇ ಅವನಿಗೆ ಬಿಡಿಸಿ ಹೇಳುತ್ತಿದ್ದಳು. ಶಾಲೆಯಲ್ಲಿ ಒಂದು ತರಗತಿ ಹಾರಿಸಿ ಮುಂದಕ್ಕೆ ಕೂರಿಸಿದರು. ಹದಿನಾರಕ್ಕೇ ಹನ್ನೆರಡನೇ ತರಗತಿ ಮುಗಿಸಿ ಜಿಲ್ಲೆಗೇ ಮೊದಲಿಗಳಾದಳು. ಕಂಪ್ಯೂಟರ್ ಓದಬೇಕು ಅನ್ನುವುದೊಂದೇ ಅವಳ ಆಸೆ.

ಫಲಿತಾಂಶದ ದಿನ ತಾಯಿ ತಖಿಯ್ಯಾ ಅಕ್ಕಪಕ್ಕದವರಿಗೆಲ್ಲ ಜೇನು ಸುರಿದ ರೊಟ್ಟಿ ಹಂಚಿದಳು. ಪಕ್ಕದ ಮನೆಯವಳಾದ ನನ್ನ ಕೈಗೂ ಒಂದು ತುಂಡು ಕೊಟ್ಟು, ಮೆಲ್ಲಗೆ ಅಂದಳು:

"ಎಲ್ಲರೂ ಮುಬಾರಕ್ ಅಂತಾರೆ ಕಣೆ. ನಾನು ಏನು ಮಾಡ್ಲಿ? ಕಳಿಸಿದ್ರೆ ದಾರಿ ನುಂಗತ್ತೆ. ಕಳಿಸದಿದ್ರೆ ಮಗಳು ಒಳಗೊಳಗೇ ಸಾಯ್ತಾಳೆ."

ಆ ವಾರವೇ ಗಾಲಿಬ್ ಕೆಳಗಿನ ಪೇಟೆಯಿಂದ ನಗುನಗುತ್ತ ಬಂದ. ಅವನು ನಕ್ಕಿದ್ದನ್ನು ನಾವು ನೋಡಿ ಬಹಳ ಕಾಲವಾಗಿತ್ತು.

"ನಶ್ವಾನನ ಅಮ್ಮಾ, ಕೇಳಿಲ್ಲಿ! ಮಗಳು ಹೊಸಿಲು ದಾಟೋದೇ ಬೇಡ. ಮೊಬೈಲಲ್ಲೇ ಕಾಲೇಜು! ವಿದೇಶದ ಕಾಲೇಜು! ಒಂದೇ ವರ್ಷಕ್ಕೆ ಡಿಗ್ರಿ ಕೈಗೆ!"

ಪೇಟೆಯಲ್ಲಿ ಮುನೀಫ್ ಎಂಬವನ ಅಂಗಡಿಯಿತ್ತು. ಫೋಟೋಕಾಪಿ, ವೀಸಾ, ವಿಮಾನದ ಟಿಕೆಟ್ಟು ಎಲ್ಲ ಅಲ್ಲೇ. ತನ್ನನ್ನು ತಾನೇ ಡಾಕ್ಟರ್ ಎಂದು ಕರೆದುಕೊಳ್ಳುತ್ತಿದ್ದ. ಯಾವುದರ ಡಾಕ್ಟರ್ ಎಂದು ಯಾರೂ ಕೇಳಿರಲಿಲ್ಲ. ಗಾಲಿಬ್ ಅವನಿಗೆ ಮುಂಗಡ ಕೊಟ್ಟಿದ್ದ. ಅದಕ್ಕಿಂತ ದೊಡ್ಡದೇನೆಂದರೆ, ಮಗಳ ಹನ್ನೆರಡನೇ ತರಗತಿಯ ಅಸಲಿ ಪ್ರಮಾಣಪತ್ರವನ್ನೂ ಕೊಟ್ಟು ಬಂದಿದ್ದ.

"ಉಳಿದ ದುಡ್ಡು ಗುರುವಾರದೊಳಗೆ ಕಟ್ಟಬೇಕಂತೆ. ಇಲ್ಲದಿದ್ರೆ ಸೀಟು ಬೇರೆಯವರಿಗೆ. ನಿನ್ನ ಬಳೆ..." ಎಂದು ಅವನು ತಲೆ ತಗ್ಗಿಸಿದ.

ತಖಿಯ್ಯಾ ಬಳೆಗಳನ್ನು ಬಿಚ್ಚಿ ಇಟ್ಟಳು. ಇಬ್ತಿಹಾಲ್ ಮಾತ್ರ ಗೋಡೆಗೊರಗಿ ನಿಂತೇ ಇದ್ದಳು.

"ಅಪ್ಪಾ, ಪರೀಕ್ಷೆ ಯಾವಾಗಂತೆ?"

"ನಿನ್ನಂಥ ಜಾಣೆಗೆ ಪರೀಕ್ಷೆ ಯಾಕಮ್ಮಾ ಅಂದ. ಪರೀಕ್ಷೆನೇ ಇಲ್ವಂತೆ."

ಹುಡುಗಿ ಗೋಡೆ ಬಿಟ್ಟು ಹತ್ತಿರ ಬಂದಳು. "ಪರೀಕ್ಷೆ ಇಲ್ಲ ಅಂದ್ರೆ ನಾನು ಓದಿದೀನೋ ಇಲ್ವೋ ಅಂತ ಅವರಿಗೆ ಹೆಂಗೆ ಗೊತ್ತಾಗತ್ತೆ? ನನಗ್ಯಾಕೋ ಭಯ ಆಗ್ತಿದೆ ಅಪ್ಪಾ."

"ಭಯ ನನಗೂ ಇದೆ!" ಗಾಲಿಬ್ ಗದರಿದ. "ಆ ದಾರಿ ಭಯ. ಅದಕ್ಕಿಂತ ಇದು ವಾಸಿ. ಸುಮ್ನಿರು."

ತಖಿಯ್ಯಾ ಸುಮ್ಮನಿರಲಿಲ್ಲ. ಮರುದಿನ ಬೆಳಿಗ್ಗೆಯೇ ಹೆಣ್ಣುಮಕ್ಕಳ ಶಾಲೆಯ ಟೀಚರ್ ನಜೀಬಾಳನ್ನು ಮನೆಗೆ ಕರೆದಳು. ನಜೀಬಾಳ ತಂಗಿ ಹನಾದಿ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಪದವಿ ಮುಗಿಸಿದವಳು. ಈಗ ಅದೇ ಪದವಿಯ ಮೇಲೆ ಅದನ್ ನಗರದಲ್ಲಿ ಕೆಲಸ ಮಾಡುತ್ತಿದ್ದಾಳೆ.

ಬಿಸಿ ಬಿಸಿ ಕಾಫಿ ಸಿಪ್ಪೆಯ ಕಷಾಯ ಬಂತು. ಗಾಲಿಬ್ ಮುಖ ಗಂಟಿಕ್ಕಿಕೊಂಡು ಕೂತ.

"ಗಾಲಿಬಣ್ಣಾ, ಒಂದು ಮಾತು ಕೇಳ್ಲಾ?" ನಜೀಬಾ ಕೇಳಿದಳು. "ಆ ಕಾಲೇಜಿಗೆ ಮಾನ್ಯತೆ ಕೊಟ್ಟಿರೋರು ಯಾರು?"

"ಡಾಕ್ಟರ್ ಕೊಟ್ಟಿದಾರಲ್ಲ!"

"ಅಂಗಡಿಯವನು ಕೊಡೋದಲ್ಲಣ್ಣಾ. ಆ ಕಾಲೇಜು ಯಾವ ದೇಶದ್ದೋ, ಆ ದೇಶದ ಸರ್ಕಾರ ಒಪ್ಪಿದ ಸಂಸ್ಥೆ ಕೊಡಬೇಕು. ಆಮೇಲೆ ನಮ್ಮ ಶಿಕ್ಷಣ ಇಲಾಖೆಯೋರು ಆ ಪದವೀನ ಲೆಕ್ಕಕ್ಕೆ ತಗೋತಾರಾ ಅಂತ ಬೇರೆ ಕೇಳಬೇಕು. ಇವೆರಡೂ ಇಲ್ದಿದ್ರೆ, ಡಿಗ್ರಿ ಅಂತ ಕೊಡ್ತಾರಲ್ಲ, ಅದರಲ್ಲಿ ಕಡ್ಲೆ ಕಟ್ಟಬಹುದು ಅಷ್ಟೆ."

"ನೀವು ಟೀಚರುಗಳು ಎಲ್ಲದಕ್ಕೂ ಅನುಮಾನ ಪಡ್ತೀರಿ. ಒಳ್ಳೇದು ಎದುರಿಗೆ ಬಂದ್ರೂ ಕಲ್ಲೆಸೀತೀರಿ."

"ಕಲ್ಲೆಸೆಯಲ್ಲ. ಹನಾದಿಗೆ ಫೋನ್ ಮಾಡ್ತೀನಿ, ನೀವೇ ಮಾತಾಡಿ."

ಹನಾದಿ ಕಾಲೇಜಿನ ಹೆಸರು ಬರೆದುಕೊಂಡು, ನೋಡಿ ಹೇಳುತ್ತೇನೆ ಎಂದಳು. ಅವಳ ಫೋನ್ ಮತ್ತೆ ಬರುವವರೆಗೆ ಆ ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ನಡುವೆ ಮುನೀಫನ ಕರೆ ಬರುತ್ತಲೇ ಇತ್ತು: "ಗಾಲಿಬಣ್ಣಾ, ಬೇರೆ ಗಿರಾಕಿ ಬಂದಿದಾರೆ. ಮಗಳ ಭವಿಷ್ಯ ನಿಮ್ಮ ಕೈಯಲ್ಲಿದೆ. ಆಮೇಲೆ ನನ್ನ ಬೈಬೇಡಿ."

ಕೊನೆಗೆ ಹನಾದಿಯ ದನಿ ಕೇಳಿಸಿತು. "ಅಣ್ಣಾ, ಒಂದು ದೊಡ್ಡ ವಿಶ್ವವಿದ್ಯಾಲಯದ ಹೆಸರು ತಗೊಂಡು ಒಂದೇ ಒಂದು ಪದ ಬದಲಾಯಿಸಿದಾರೆ. ಆ ದೇಶದ ಮಾನ್ಯತೆ ಪಟ್ಟಿಯಲ್ಲಿ ಈ ಹೆಸರೇ ಇಲ್ಲ. ಅವರು ಕೊಟ್ಟಿರೋ ನಂಬರಿಗೆ ಫೋನ್ ಮಾಡಿದೆ, ಯಾರೂ ಎತ್ತಲ್ಲ. ದುಡ್ಡು ಕೊಡಬೇಡಿ. ಅಸಲಿ ಪತ್ರ ಮಾತ್ರ ಇವತ್ತೇ ವಾಪಸ್ ತನ್ನಿ. ಅದಿಲ್ದೆ ಇವಳನ್ನ ಯಾವ ಒಳ್ಳೇ ಕಾಲೇಜೂ ಸೇರಿಸಿಕೊಳ್ಳಲ್ಲ."

ಗಾಲಿಬ್ ತಲೆಯ ಮೇಲೆ ಕೈ ಹೊತ್ತುಕೊಂಡ. ಅಸಲಿ ಪತ್ರದ ಇನ್ನೊಂದು ಪ್ರತಿ ಪಡೆಯಬೇಕೆಂದರೆ ನಗರದ ಕಚೇರಿಗೇ ಹೋಗಬೇಕು. ಮತ್ತೆ ಅದೇ ದಾರಿ.

ಗಾಲಿಬ್, ತಖಿಯ್ಯಾ, ಇಬ್ತಿಹಾಲ್, ನಜೀಬಾ ಲಾರಿ ಹತ್ತಿ ಪೇಟೆಗೆ ಹೋದರು. ಅಲ್ಲಿ ಏನಾಯಿತೆಂದು ತಖಿಯ್ಯಾಳೇ ನನಗೆ ಆಮೇಲೆ ಹೇಳಿದಳು.

ಮುನೀಫ್ ಮೊದಲು ನಕ್ಕ. "ಪತ್ರ ವಿದೇಶಕ್ಕೆ ಹೋಯ್ತಲ್ಲ," ಅಂದ. ಹಾಗೆ ಕಳುಹಿಸಿದ್ದಕ್ಕೆ ರಸೀದಿ ತೋರಿಸು ಎಂದು ನಜೀಬಾ ಕೇಳಿದಾಗ ಅವನ ನಗು ನಿಂತಿತು. ದನಿ ತಗ್ಗಿಸಿ ಹುಡುಗಿಯ ಕಡೆ ತಿರುಗಿದ.

"ನೋಡಮ್ಮಾ, ಈಗ ಹಿಂದೆ ಸರಿದ್ರೆ ನಿನ್ನ ಹೆಸರು ಕಪ್ಪುಪಟ್ಟಿಗೆ ಸೇರತ್ತೆ. ಪ್ರಪಂಚದಲ್ಲಿ ಯಾವ ಕಾಲೇಜೂ ಬಾಗಿಲು ತೆಗೆಯಲ್ಲ. ನಿಮ್ಮಪ್ಪನಿಗೆ ತಿಳಿಯಲ್ಲ, ನೀನಾದ್ರೂ ಹೇಳು."

ಇಬ್ತಿಹಾಲ್ ಅಪ್ಪನ ಕಡೆ ನೋಡಿದಳು. ಗಾಲಿಬ್ ಅಳುಕಿದ. ನಿಜವಾಗಿಯೂ ಹಾಗಾದರೆ? ಮಗನ ಕಾಲು ಹೋದಂತೆ ಈಗ ತನ್ನ ತಪ್ಪಿನಿಂದ ಮಗಳ ಓದೂ ಹೋದರೆ? "ಬಾ, ಹೋಗೋಣ," ಎಂದು ಅವನು ಮಗಳ ತೋಳು ಹಿಡಿದ.

ಆಗ ತಖಿಯ್ಯಾ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಕೂತುಬಿಟ್ಟಳು. ನೆಲದ ಮೇಲೆಯೇ.

"ಏಳಮ್ಮಾ, ಗಿರಾಕಿ ಬರ್ತಾರೆ," ಅಂದ ಮುನೀಫ್.

"ಬರ್ಲಿ. ನನ್ನ ಮಗಳ ಪತ್ರ ಬರೋವರೆಗೂ ನಾನು ಏಳಲ್ಲ. ಬಂದೋರಿಗೆಲ್ಲ ಯಾಕೆ ಕೂತಿದೀನಿ ಅಂತ ಹೇಳ್ತೀನಿ. ನನಗೇನು ಅವಸರ ಇಲ್ಲಪ್ಪಾ, ಬೇಳೆ ಬೇಯಿಸಿಟ್ಟೇ ಬಂದಿದೀನಿ."

ಸಂತೆಯ ದಿನ. ಮೊದಲು ಈರುಳ್ಳಿ ಮಾರುವವನು ಇಣುಕಿದ. ಆಮೇಲೆ ದರ್ಜಿ ಬಂದ. ತಖಿಯ್ಯಾ ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿದಳು. ಗುಂಪಿನಿಂದ ಒಬ್ಬ ಮುದುಕ ಮುಂದೆ ಬಂದ. "ನನ್ನ ಮೊಮ್ಮಗನ ಪತ್ರಾನೂ ಇವನ ಹತ್ರಾನೇ ಇದೆಯಲ್ಲಾ!" ಎಂದ.

ಮುನೀಫ್ ಮೇಜಿನ ಖಾನೆ ಎಳೆದ. ವಿದೇಶಕ್ಕೆ ಹೋಗಿದ್ದ ಪತ್ರ ಅಲ್ಲೇ ಇತ್ತು. ಅದರ ಕೆಳಗೆ ಇನ್ನೂ ಎಷ್ಟೋ ಮಕ್ಕಳ ಪತ್ರಗಳಿದ್ದವು.

ಮುಂಗಡ ವಾಪಸ್ ಬರಲಿಲ್ಲ. ಆದರೆ ಮಗಳ ಪತ್ರವೂ ತಾಯಿಯ ಬಳೆಯೂ ಉಳಿದವು.

ಕೆಲವು ದಿನಗಳಾದ ಮೇಲೆ ಹನಾದಿ ಮತ್ತೆ ಫೋನ್ ಮಾಡಿದಾಗ ಗಾಲಿಬ್ ಕೈಯಲ್ಲಾಡಿಸಿಬಿಟ್ಟ. "ಬೇಡಮ್ಮಾ. ಆನ್‌ಲೈನೂ ಬೇಡ, ಏನೂ ಬೇಡ. ಒಂದು ಸಲ ಕೈ ಸುಟ್ಟುಕೊಂಡಿದ್ದು ಸಾಕು."

ಫೋನು ನಶ್ವಾನ್ ಇಸಿದುಕೊಂಡ. "ಅಪ್ಪಾ, ನಾನು ಓದು ಬಿಟ್ಟಿದ್ದು ಕಾಲು ಹೋಗಿದ್ದಕ್ಕಲ್ಲ. ಹೆದರಿಕೆಗೆ. ಇವಳಿಗೆ ಹಂಗಾಗೋದು ಬೇಡ. ಈ ಸಲ ಎಲ್ಲಾ ಕೇಳಿಯೇ ಸೇರಿಸೋಣ. ಹನಾದಿ ಅಕ್ಕಾ, ಹೇಳಿ."

ಹನಾದಿ ನಿಧಾನವಾಗಿ ಹೇಳಿದಳು. ಬೋಧನಾ ಶುಲ್ಕವೇ ಇಲ್ಲದ ಆನ್‌ಲೈನ್ ವಿಶ್ವವಿದ್ಯಾಲಯಗಳೂ ಇವೆ. ಆದರೆ ಬಿಟ್ಟಿ ಎಂದ ಮಾತ್ರಕ್ಕೆ ಖರ್ಚಿಲ್ಲ ಅಂತಲ್ಲ. ಪರೀಕ್ಷೆಗೆ ಪ್ರತಿ ವಿಷಯಕ್ಕೂ ಕಟ್ಟಬೇಕಾಗಬಹುದು. ಆದ್ದರಿಂದ ಈ ತಿಂಗಳಿಗೆ ಎಷ್ಟು ಎಂದಲ್ಲ, ಪದವಿ ಕೈಗೆ ಬರುವವರೆಗೆ ಒಟ್ಟು ಎಷ್ಟು ಎಂದು ಕೇಳಬೇಕು. ಕಟ್ಟಲಾಗದವರಿಗೆ ರಿಯಾಯಿತಿ, ವಿದ್ಯಾರ್ಥಿವೇತನ ಇದೆಯೇ ಎಂದು ಬಾಯಿಬಿಟ್ಟು ಕೇಳಬೇಕು.

"ಅವಳಿಗಿನ್ನೂ ಹದಿನಾರು. ಸೇರಿಸಿಕೊಳ್ತಾರಾ?" ತಖಿಯ್ಯಾ ಕೇಳಿದಳು.

"ಕೆಲವು ಕಡೆ ಹದಿನೆಂಟಾಗಬೇಕು ಅಂತಾರೆ. ಕೆಲವು ಕಡೆ ಅಪ್ಪ ಅಮ್ಮ ಒಪ್ಪಿಗೆ ಕೊಟ್ರೆ ಸಾಕು. ಅದನ್ನೂ ಮೊದಲೇ ಕೇಳಬೇಕು ಅಕ್ಕಾ. ಇನ್ನೊಂದು ಮಾತು. ಮಗಳು ಜಾಣೆ ಅಂತ ಒಂದೇ ಸಲ ಎಲ್ಲಾ ವಿಷಯ ಹೇರಬೇಡಿ. ಜಾಣ ಮಕ್ಕಳಿಗೂ ಬೆನ್ನು ನೋಯತ್ತೆ. ಮೊದಲು ಪುಕ್ಕಟೆ ಪಾಠ ಒಂದು ಮಾಡ್ಲಿ. ಮೊಬೈಲು, ಕರೆಂಟು, ಅವಳ ಮನಸ್ಸು, ಎಲ್ಲಾ ತಡೆಯತ್ತಾ ನೋಡಿ. ಆಮೇಲೆ ಸೇರಿಸಿ."

ಹಾಗೆಯೇ ಮಾಡಿದರು. ಹನಾದಿ ಹೇಳಿದ ವಿಶ್ವವಿದ್ಯಾಲಯದ ಮಾನ್ಯತೆಯನ್ನು ನಜೀಬಾ ತಾನೇ ನೋಡಿದಳು. ಇಲಾಖೆಗೆ ಬರೆದು, ಆ ಪದವಿ ನಡೆಯುತ್ತದೆ ಎಂಬ ಉತ್ತರ ಬರುವವರೆಗೆ ಕಾದರು. ಕಾಯುವುದು ಸುಲಭವಿರಲಿಲ್ಲ. ಅಷ್ಟರಲ್ಲಿ ಇಬ್ತಿಹಾಲ್ ಪುಕ್ಕಟೆ ಪಾಠವೊಂದನ್ನು ಮುಗಿಸಿದ್ದಳು. ನೆಟ್‌ವರ್ಕ್ ಸಿಕ್ಕಾಗ ಪಾಠ ಇಳಿಸಿಟ್ಟುಕೊಂಡು, ಇಲ್ಲದಾಗ ಓದುತ್ತಿದ್ದಳು. ಕೊನೆಗೆ ಎರಡೇ ವಿಷಯಕ್ಕೆ ಸೇರಿದಳು.

ಮೊದಲ ಪರೀಕ್ಷೆ ನಮ್ಮ ಹಳ್ಳಿಯ ಶಾಲೆಯಲ್ಲೇ ನಡೆಯಿತು. ವಿಶ್ವವಿದ್ಯಾಲಯ ಒಪ್ಪಿದಂತೆ ಮುಖ್ಯೋಪಾಧ್ಯಾಯಿನಿ ಎದುರಿಗೆ ಕೂತು ಕಾವಲು ಕಾದರು. ಅಂದು ಸಬಿರ್ ಬೆಟ್ಟದ ಕಡೆಯಿಂದ ಮೋಡ ಬಂದು ಕವಿದುಕೊಂಡಿತು. ಅರ್ಧ ಪರೀಕ್ಷೆಯಲ್ಲಿ ಶಾಲೆಯ ಸೋಲಾರ್ ಬ್ಯಾಟರಿ ಸೋತು, ಇಂಟರ್‌ನೆಟ್ ಡಬ್ಬಿಯ ದೀಪ ಆರಿತು.

ಕಿಟಕಿಯಾಚೆ ನಿಂತಿದ್ದ ನಾವೆಲ್ಲ ಒಳಗೆ ಇಣುಕಿದೆವು. ಒಳಗೆ ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಗಾಲಿಬ್ ಓಡಿದ. ಲಾರಿಯ ಬ್ಯಾಟರಿಯನ್ನೇ ಬಿಚ್ಚಿ ಹೆಗಲ ಮೇಲೆ ಹೊತ್ತು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ. ಆತುರದಲ್ಲಿ ತಂತಿಗಳನ್ನು ಅದಲುಬದಲು ಮಾಡತೊಡಗಿದ. ನಶ್ವಾನ್ ಊರುಗೋಲನ್ನು ಗೋಡೆಗೆ ಒರಗಿಸಿ, ಅಪ್ಪನ ಕೈ ಸರಿಸಿ ತಾನೇ ಜೋಡಿಸಿದ. ದೀಪ ಹತ್ತಿತು.

"ಸಮಯ ಇನ್ನೂ ಇದೆ ಮಗಳೇ. ಬರಿ," ಎಂದರು ಮುಖ್ಯೋಪಾಧ್ಯಾಯಿನಿ.

ಇಬ್ತಿಹಾಲ್ ಪಾಸಾದಳು. ಎರಡನೇ ವಿಷಯದಲ್ಲಿ ಅವಳು ನೆನೆಸಿದ್ದಷ್ಟು ಅಂಕ ಬರಲಿಲ್ಲ, ಒಂದು ದಿನವೆಲ್ಲ ಅತ್ತಳು. ಈಗ ಎರಡನೇ ವರ್ಷ ಓದುತ್ತಿದ್ದಾಳೆ. ಪರೀಕ್ಷೆಯ ಶುಲ್ಕಕ್ಕೆ ಬೇಡಿಕೊಂಡಿದ್ದ ಸಹಾಯವೂ ಸಿಕ್ಕಿದೆ. ನಶ್ವಾನನೂ ಇದೇ ವರ್ಷ ಒಂದು ವಿಷಯಕ್ಕೆ ಸೇರಿದ್ದಾನೆ.

ಗಾಲಿಬ್‌ಗೆ ಭಯ ಹೋಗಿದೆಯೇ ಎಂದು ಕೇಳಿದೆ. "ಹೋಗಿಲ್ಲಮ್ಮಾ," ಅಂದ. "ಆದ್ರೆ ಮುಂಚೆ ಹೆದರಿ ಕಣ್ಣು ಮುಚ್ಚಿಕೊಳ್ತಿದ್ದೆ. ಈಗ ಹೆದರಿ ಕೇಳ್ತೀನಿ."

ಮುನೀಫನ ಅಂಗಡಿಗೆ ಬೀಗ ಬಿದ್ದಿದೆ. ಅವನು ಪಕ್ಕದ ಜಿಲ್ಲೆಯಲ್ಲಿ ಬೇರೆ ಹೆಸರಿನ ಫಲಕ ಹಾಕಿದ್ದಾನೆ ಎನ್ನುತ್ತಾರೆ. ಅಲ್ಲಿಯೂ ಯಾರದೋ ಮಗಳು ಪಾಸಾಗಿರುತ್ತಾಳೆ. ಅಲ್ಲಿಯೂ ಒಬ್ಬ ಅಪ್ಪ ಹೆದರಿರುತ್ತಾನೆ.

ಇದನ್ನು ಕೇಳುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಓದಿನಲ್ಲಿ ಮುಂದಿರುವ ಮಗು ಇದ್ದೀತು. ಕಾಲೇಜು ದೂರವಾಗಿದ್ದರೆ, ಕೈಯಲ್ಲಿ ಹಣವಿಲ್ಲದಿದ್ದರೆ, ಆನ್‌ಲೈನ್ ಪದವಿ ನಿಜವಾದ ದಾರಿಯೇ ಸರಿ. ಕಾಲಿಡುವ ಮುಂಚೆ ಮಾತ್ರ ಕೇಳಿ. ಮಾನ್ಯತೆ ಯಾರದು? ನಮ್ಮ ಸರ್ಕಾರ ಒಪ್ಪುತ್ತದೆಯೇ? ಪದವಿ ಮುಗಿಯುವವರೆಗೆ ಒಟ್ಟು ಖರ್ಚೆಷ್ಟು? ಪರೀಕ್ಷೆ ಹೇಗೆ? ಉತ್ತರ ಕೊಡದೆ "ಬೇಗ ಬೇಗ" ಎಂದು ಅವಸರ ಮಾಡುವವರ ಅಂಗಡಿಯಿಂದ ಎದ್ದು ಬನ್ನಿ. ಮಗುವಿನ ಅಸಲಿ ಪತ್ರವನ್ನು ಯಾರ ಖಾನೆಯಲ್ಲೂ ಬಿಡಬೇಡಿ. ನಿಮ್ಮ ಮಗು "ನನಗ್ಯಾಕೋ ಭಯ ಆಗ್ತಿದೆ" ಎಂದರೆ ಗದರಬೇಡಿ, ಹತ್ತಿರ ಕೂರಿಸಿಕೊಂಡು ಯಾಕೆ ಎಂದು ಕೇಳಿ. ಗೊತ್ತಿಲ್ಲದಿದ್ದರೆ ನಿಮ್ಮೂರಿನ ಟೀಚರ್ ಮನೆಗೆ ಇಂದೇ ಹೋಗಿ ಬನ್ನಿ.