ಚಿಕ್ಕಪ್ಪನ ಕೈ ಹಗುರ

ಕನ್ನಡಿಯೆದುರು ಕೆನ್ನೆಯನ್ನು ಬೆರಳಿಂದ ಎಳೆದು ಹಿಡಿದಾಗಲೆಲ್ಲ ಸುಷ್ಮಾಗೆ ಅದೇ ದಿಗಿಲು: ಒಳಗಿನ ಬಿಳಿ ಗೆರೆಗಳು ಇನ್ನೂ ಇವೆಯೇ? ಇದ್ದವು, ಜೇಡರಬಲೆಯ ಹಾಗೆ. ಹುಳಿ ತಾಕಿದರೆ ಉರಿ. ಅಮ್ಮ ಗಿರಿಜಾಂಬಾ ಉಷ್ಣವೆಂದು ತಿಂಗಳುಗಟ್ಟಲೆ ಮಜ್ಜಿಗೆ ಕುಡಿಸಿದ್ದರು. ಕೊನೆಗೆ ಹಲ್ಲಿನ ಡಾಕ್ಟರು, "ಇಂಥ ಗೆರೆ ಇರೋ ಕೆಲವರಿಗೆ ಹೆಪಟೈಟಿಸ್ ಸಿ ಅನ್ನೋ ಲಿವರ್ ಸೋಂಕು ಕೂಡ ಇರುತ್ತೆ ಕಣಮ್ಮ, ಒಂದ್ಸಲ ರಕ್ತ ನೋಡಿಸ್ಬಿಡು" ಎಂದರು. ನೋಡಿಸಿದಳು. ಇತ್ತು.

ಅಂದಿನಿಂದ ಅವಳ ತಟ್ಟೆ, ಲೋಟ ಬೇರೆಯಾಗಿ ಬಚ್ಚಲುಕಟ್ಟೆ ಸೇರಿದವು. ಇದು ತಟ್ಟೆಯಿಂದ ಹರಡುವುದಿಲ್ಲ, ರಕ್ತದಿಂದ ಹರಡುತ್ತದೆ ಎಂದು ೨೦೦೨ರ ಡೈರಿಯಲ್ಲಿ ಒತ್ತಿ ಒತ್ತಿ ಬರೆದಳು. ಅಮ್ಮನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಭಾನುವಾರ ಒಂಟಿಕೊಪ್ಪಲಿನ ಮನೆಗೆ ಚಿಕ್ಕಪ್ಪ ಷಡಕ್ಷರಿ ಬಂದರು. ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದವರು. ನೆಂಟರಿಗೆಲ್ಲ ಅವರೇ ಡಾಕ್ಟರು. ಅಮ್ಮ ವರದಿಯನ್ನು ಅವರ ಮುಂದಿಟ್ಟರು.

"ಇದು ಸುಮ್‌ಸುಮ್ನೆ ಬರಲ್ಲ ಅತ್ತಿಗೆ. ಕಾಲೇಜು, ಟೂರು ಅಂತ ಕಳಿಸ್‌ಬುಟ್ರಿ. ಎಲ್ಲೆಲ್ಲಿ ಏನೇನ್ ಮಾಡ್ಕೊಂಡ್ ಬಂದ್ಲೋ, ಯಾರಿಗ್ಗೊತ್ತು?"

ಅಮ್ಮ ತಲೆ ತಗ್ಗಿಸಿದರು. ಹುಳಿ ಮುಟ್ಟದೆಯೇ ಸುಷ್ಮಾಳ ಬಾಯಿ ಉರಿಯಿತು.

"ಹೋಗ್ಲಿ ಬುಡಿ. ನನಗೊಂದು ಶಕ್ತಿ ಇಂಜೆಕ್ಷನ್ ಹಾಕಿ. ಕೈಕಾಲೆಲ್ಲ ಹಿಡ್ಕೊಂಡ್‌ಬುಟ್ಟಿದೆ" ಎಂದರು ಅಮ್ಮ.

ಚಿಕ್ಕಪ್ಪ ಸ್ಟೀಲಿನ ಡಬ್ಬಿ ತೆರೆದರು. ಅದೇ ಡಬ್ಬಿ. ಸುಷ್ಮಾ ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಮನೆಯ ಏಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬರಿಗೆ ಚುಚ್ಚಿ, ಸೂಜಿಯನ್ನು ಬಿಸಿನೀರಲ್ಲಿ ಅದ್ದಿ, ಮುಂದಿನವರ ತೋಳು ಹಿಡಿಯುತ್ತಿದ್ದರು. ಅಳದವರಿಗೆ ಪೆಪ್ಪರ್‌ಮಿಂಟು. ಅವಳು ಒಂದು ಸಲವೂ ಅತ್ತಿರಲಿಲ್ಲ.

"ನನ್ನ ಕೈ ಹಗುರ, ಗೊತ್ತೇ ಆಗಲ್ಲ" ಎನ್ನುತ್ತಾ ಅಮ್ಮನಿಗೆ ಚುಚ್ಚಿದರು. ಆ ಸೂಜಿಯನ್ನೇ ಲೋಟದ ನೀರಿಗೆ ಅದ್ದಿ ಒದರಿ, ಬೇರೆ ಔಷಧಿ ಎಳೆದುಕೊಂಡು, ಜ್ವರದಲ್ಲಿ ಮಲಗಿದ್ದ ಸುಷ್ಮಾಳ ಅಕ್ಕನ ಮಗಳತ್ತ ತಿರುಗಿದರು. ಲಾಸ್ಯಳಿಗೆ ನಾಲ್ಕು ವರ್ಷ.

"ಬಾ ಪುಟ್ಟಿ. ಇರುವೆ ಕಚ್ದಂಗೆ, ಅಷ್ಟೇ."

ಸುಷ್ಮಾ ಓಡಿಬಂದು ಮಗುವನ್ನು ಎತ್ತಿಕೊಂಡಳು.

"ಏಯ್, ದೂರ ನಿಂತ್ಕೊಳೇ! ಮಗೂಗೂ ಅಂಟಿಸ್‌ಬುಟ್ಟೀಯ!" ಚಿಕ್ಕಪ್ಪ ಗದರಿದರು.

ಅವಳು ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಮಗುವಿನ ಮೈ ಕಾವು ಎದೆಗೆ ಒತ್ತುತ್ತಿತ್ತು.

"ನಮ್ಮೇಳು ಜನಕ್ಕೂ ಒಂದೇ ಸೂಜೀಲಿ ಚುಚ್ಚಿದ್ರಿ ಚಿಕ್ಕಪ್ಪ" ಎಂದಳು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. "ಒಂದೇ ಸೂಜೀಲಿ."

ಅಮ್ಮ ತೋಳಿಗೆ ಒತ್ತಿ ಹಿಡಿದಿದ್ದ ಹತ್ತಿಯನ್ನು ತೆಗೆದು, ಅದರ ಮೇಲಿನ ರಕ್ತದ ಚುಕ್ಕೆಯನ್ನು ನೋಡಿದರು.