ಕೆರೆ ಸುತ್ತಿ ಬಂದ ತಂತಿ

ಕಂಪ್ಯೂಟರ್ ಪರದೆಯ ಮೇಲೆ ಚಿನ್ನುವಿನ ಕೈಗಳು ಮತ್ತೆ ಚೂರುಚೂರಾದವು. ಒಂದು ಬೆರಳು ಗಲ್ಲದ ಹತ್ತಿರವೇ ನಿಂತುಬಿಟ್ಟಿತು, ಉಳಿದ ಕೈ ಚೌಕಚೌಕವಾಗಿ ಕರಗಿತು.

"ಏನಂದ್ಲೋ?" ಎಂದಳು ಸಾಕಮ್ಮ.

"ನಂಗೇನ್ ಗೊತ್ತವ್ವ? ನಿಮ್ಮಿಬ್ರ ಬಾಸೆ ನಿಮಗೇ ಗೊತ್ತು," ಎಂದ ಕಾಂತರಾಜು.

ಅವನ ತಂಗಿ ಚಿನ್ನುವಿಗೆ ಹುಟ್ಟಿನಿಂದ ಕಿವಿ ಕೇಳದು. ಒಲೆ ಮುಂದೆ, ಗದ್ದೆ ಬದುವಿನ ಮೇಲೆ ತಾಯಿ ಮಗಳು ತಮಗೆ ಬೇಕಾದ ಸನ್ನೆಗಳನ್ನು ತಾವೇ ಕಟ್ಟಿಕೊಂಡಿದ್ದರು. ಸಾಕಮ್ಮನಿಗೆ ಓದು ಬಾರದು. ಚಿನ್ನು ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಡಿ.ಟಿ.ಪಿ. ಕಲಿಯುತ್ತಿದ್ದಳು. ಭಾನುವಾರ ಸೈಬರ್ ಸೆಂಟರಿನಲ್ಲಿ ಕ್ಯಾಮೆರಾ ಮುಂದೆ ಕೂರುತ್ತಿದ್ದಳು. ಅವ್ವನ ಹತ್ತಿರ ಮಾತಾಡಲು ಆಗದಿದ್ದರೆ ಎಲ್ಲ ಬಿಟ್ಟು ಊರಿಗೆ ಬರುತ್ತೇನೆಂದು ಅಣ್ಣನ ಮೊಬೈಲಿಗೆ ಮೆಸೇಜು ಹಾಕಿದ್ದಳು. ಅವಳು ಹೇಳಿದ್ದನ್ನು ಮಾಡುವವಳು.

ಕಾಂತರಾಜುವಿಗೆ ಸಿಟ್ಟಿಗಿಂತ ಸೋಜಿಗವೇ ಹೆಚ್ಚಾಗಿತ್ತು. ಅವನ ಅಂಗಳದಿಂದ ನೋಡಿದರೆ ಮನೆಗೆ ಬ್ರಾಡ್‌ಬ್ಯಾಂಡ್ ತಂತಿ ಬರುವ ಟೆಲಿಫೋನ್ ಎಕ್ಸ್‌ಚೇಂಜು ಕೆರೆಯ ಆಚೆ ದಡದಲ್ಲೇ ಕಾಣುತ್ತಿತ್ತು. ಮೇಲಿನ ಗದ್ದೆಯ ಪುಟ್ಟಮಲ್ಲಪ್ಪನ ಮನೆಗೆ ದಿಣ್ಣೆ ಅಡ್ಡವಾಗಿ ಅದು ಕಾಣುತ್ತಲೂ ಇರಲಿಲ್ಲ. ಆದರೂ ಅದೇ ಬ್ರಾಡ್‌ಬ್ಯಾಂಡ್ ಅಲ್ಲಿ ಸಲೀಸಾಗಿ ಓಡುತ್ತಿತ್ತು. ಪುಟ್ಟಮಲ್ಲಪ್ಪನ ಸೊಸೆ ಕಂಪ್ಯೂಟರಿನಲ್ಲಿ ಸಿನಿಮಾ ಹಾಡು ನೋಡುತ್ತಾಳೆಂದು ಊರೆಲ್ಲ ಹೇಳುತ್ತಿತ್ತು.

ಕಾಂತರಾಜು ಬೈಕು ತೆಗೆದ. ಕೇಬಲ್ ಹೂತಿರುವ ಕಡೆ ನೆಟ್ಟ ಗುರುತುಕಲ್ಲುಗಳ ಜಾಡು ಹಿಡಿದು ಹೊರಟ. ಅವು ಕೆರೆ ಕಡೆಗೆ ಹೋಗಲೇ ಇಲ್ಲ. ರಸ್ತೆ ಹೋದತ್ತ ಹೋಗಿ, ಅಕ್ಕಿ ಗಿರಣಿ ದಾಟಿ, ಕಾಲುವೆ ಸೇತುವೆ ಬಳಸಿ, ಪುಟ್ಟಮಲ್ಲಪ್ಪನ ಮನೆ ಮುಂದೆ ಹಾದು, ದಿಣ್ಣೆ ಇಳಿದು ಎಕ್ಸ್‌ಚೇಂಜಿಗೆ ಸೇರಿದವು. ಕಣ್ಣಿಗೆ ಒಂದು ಕಿಲೋಮೀಟರೂ ಇಲ್ಲದ ದಾರಿ ಬೈಕಿನ ಮೀಟರಿನಲ್ಲಿ ಆರಾಯಿತು.

ಕೇಳಿ ಸಾಕಮ್ಮ ನಕ್ಕಳು. "ಅಂಗನ್ನು. ನೀರ್ನಲ್ಲೂ ಅವ್ನೇ ಮೇಲ್ಗದ್ದೆ, ಇದ್ರಲ್ಲೂ ಅವ್ನೇ. ಅವ್ನು ಕುಡ್ದು ಮಿಕ್ಕುದ್ದು ನಮಗೆ."

ಎರಡೂ ಮನೆಯವರ ಗದ್ದೆಗಳು ಒಂದೇ ಕಿರುಗಾಲುವೆಯ ಕೆಳಗಿದ್ದವು. ನೀರು ಕಡಿಮೆಯಾದಾಗ ಸರದಿ ಮೇಲೆ ಬಿಡುವುದು ಊರಿನ ಪದ್ಧತಿ. ಸಾಕಮ್ಮ ಮಾರನೇ ಬೆಳಿಗ್ಗೆ ಹೋಗಿ ಪುಟ್ಟಮಲ್ಲಪ್ಪನ ಜಗಲಿಯ ಮುಂದೆ ನಿಂತಳು.

"ಭಾನ್ವಾರ ಸಾಯಂಕಾಲ ನಿಮ್ ಕಂಪ್ಯೂಟ್ರು ಮುಚ್ರಿ. ನಮ್ ಸರದಿ."

"ಇದುಕ್ಕೂ ಸರದಿ ಐತಾ ಸಾಕಮ್ಮ?"

"ಕೊನೆ ಮನೆಯೋರ್ಗೆ ಎಲ್ಲುಕ್ಕೂ ಸರದಿ ಬೇಕು."

ಪುಟ್ಟಮಲ್ಲಪ್ಪ ಮೀಸೆ ಸವರಿಕೊಂಡ. "ಆಯ್ತು ಬುಡು," ಎಂದ.

ಕೆಳಗದ್ದೆಗೆ ತೂಬು ಮುಚ್ಚಿ ನೀರಿನ ಸರದಿಯನ್ನು ಎಷ್ಟೋ ಸಲ ತಪ್ಪಿಸಿದ್ದವನು ಇದನ್ನು ತಪ್ಪಿಸಲಿಲ್ಲ. ಭಾನುವಾರ ಸೊಸೆ ಗೊಣಗಿದರೂ ಪ್ಲಗ್ಗು ಕಿತ್ತ. ಚಿನ್ನುವಿನ ಕೈಗಳು ಮಾತ್ರ ಎಂದಿನಂತೆ ಚೂರಾದವು.

ಹಾಗಾದರೆ ಕುಡಿಯುವವರು ಯಾರು? ಆ ವಾರ ಸೇತುವೆ ಹತ್ತಿರ ಲೈನ್‌ಮನ್ ಮಂಚಯ್ಯ ಗುಂಡಿ ತೆಗೆದು ಕೇಬಲ್ ಬೆಸೆಯುತ್ತಿದ್ದ. ಕಾಂತರಾಜು ಬೈಕು ನಿಲ್ಲಿಸಿ ಬಗ್ಗಿ ನೋಡಿದ. ಕೇಬಲ್ಲಿನ ಹೊಟ್ಟೆಯೊಳಗೆ ಬಣ್ಣಬಣ್ಣದ ಸಣ್ಣ ತಂತಿಗಳು ತುಂಬಿಕೊಂಡಿದ್ದವು.

"ಒಂದ್ ಮನೆಗೆ ಒಂದ್ ಜೋಡಿ ಕಣಪ್ಪ. ಅವ್ರುದ್ದು ನಿಮ್ದುಕ್ಕೆ ತಾಕದೇ ಇಲ್ಲ," ಎಂದ ಮಂಚಯ್ಯ.

"ಮತ್ತೆ ನಮ್ದು ಎಲ್ಲೋಯ್ತದೆ?"

"ದೂರ ಆದಂಗೆ ಸವೀತದೆ."

"ಫೋನ್‌ನಲ್ಲಿ ಮಾತು ಚೆನ್ನಾಗೇ ಬತ್ತದಲ್ಲ?"

"ಮಾತು ದಪ್ಪ ದನಿ, ಬಂದ್ಬುಡ್ತದೆ. ಇಂಟರ್ನೆಟ್‌ದು ಕೀಚಲು ದನಿ ಇದ್ದಂಗೆ. ದಾರೀಲೇ ಸತ್ತೋಯ್ತದೆ."

ಮನೆಗೆ ಬಂದು ಕಾಂತರಾಜು, "ಮೇಲಿನೋರು ಕುಡೀತಿಲ್ಲ ಕಣವ್ವ. ಕಾಲುವೇನೇ ಕುಡೀತದೆ," ಎಂದ.

ಸಾಕಮ್ಮನಿಗೆ ಬೈಯಲು ಒಬ್ಬನಿದ್ದ, ಅವನೂ ಕೈತಪ್ಪಿದ. "ಅಂಗಾರೆ ನಾವೇ ಮೇಲಕ್ಕೋಗ್ಬೇಕು," ಎಂದಳು.

ಮುಂದಿನ ಭಾನುವಾರ ಪುಟ್ಟಮಲ್ಲಪ್ಪನ ನಡುಮನೆಯಲ್ಲಿ ಅವಳಿಗೆ ಕುರ್ಚಿ ಹಾಕಿದರು. ಕಾಂತರಾಜು ಪಕ್ಕದಲ್ಲಿ ನಿಂತ. ಪರದೆಯಲ್ಲಿ ಚಿನ್ನುವಿನ ಉಗುರಿನ ಬಣ್ಣವೂ ಕಾಣುವಷ್ಟು ಚಿತ್ರ ತಿಳಿಯಾಗಿತ್ತು. ಎರಡು ಜೊತೆ ಕೈಗಳು ಬಿಡುವಿಲ್ಲದೆ ಓಡಿದವು. ಆಮೇಲೆ ಚಿನ್ನು ಅವ್ವನ ಹಿಂದಿನ ಗೋಡೆಯತ್ತ ಬೆರಳು ಮಾಡಿ ಹುಬ್ಬು ಹಾರಿಸಿದಳು. ಯಾರ ಮನೆ ಎಂದು ಕೇಳುತ್ತಿದ್ದಾಳೆಂದು ಕಾಂತರಾಜುವಿಗೂ ತಿಳಿಯಿತು.

ಸಾಕಮ್ಮನ ಕೈಗಳು ಮಡಿಲಲ್ಲೇ ನಿಂತವು. ನಂತರ ಅವನ್ನು ಎತ್ತಿ, ತೂಬಿನ ಚಕ್ರವನ್ನು ಬಿಗಿಯಾಗಿ ತಿರುಗಿಸಿ ಮುಚ್ಚುವಂತೆ ಮಾಡಿದಳು. ಚಿನ್ನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಹಿಂದೆ ಮಂಚದ ಮೇಲೆ ಕೂತಿದ್ದ ಪುಟ್ಟಮಲ್ಲಪ್ಪ ಕೆಮ್ಮಿದ. "ತೂಬು ಮುಚ್ಚೋನು. ನಾನೇ ಅಲ್ವಾ ಅದು?"

"ಊಂ," ಎಂದಳು ಸಾಕಮ್ಮ, ತಿರುಗದೆ.

"ಮೀಸೆ ಐತಲ್ಲ. ಅದ್ನ ತೋರ್ಸುದ್ರೆ ಆಯ್ತಿರ್ಲಿಲ್ವಾ?"

"ಮೀಸೆ ಊರ್ಗೆಲ್ಲ ಐತೆ."

ಪರದೆಯಲ್ಲಿ ಚಿನ್ನು ಮತ್ತೇನೋ ಕೇಳಿದಳು. ಸಾಕಮ್ಮ ಬಾಯಿಬಿಟ್ಟು ಹೇಳಿದಳು: "ವಾರವಾರ ಇಲ್ಲಿಗೇ ಬತ್ತೀಯಾ ಅಂತಾವ್ಳೆ. ಇಲ್ಲಾಂದ್ರೆ ನಾಳೆ ಬಸ್ ಅತ್ತಿ ಊರ್ಗೆ ಬತ್ತಾಳಂತೆ."

ಪುಟ್ಟಮಲ್ಲಪ್ಪ ಎದ್ದು ಬಂದು ಕ್ಯಾಮೆರಾದ ಮುಂದೆ ಬಗ್ಗಿದ. ಎರಡೂ ಕೈ ಎತ್ತಿ ಗಾಳಿಯಲ್ಲಿ ಚಕ್ರ ತಿರುಗಿಸಿದ. ಚಿನ್ನುವಿನ ಮುಖ ಪೆಚ್ಚಾಯಿತು.

"ಅದು ಮುಚ್ಚೋ ಕಡೆ," ಎಂದಳು ಸಾಕಮ್ಮ. "ತೂಬು ತೆಗ್ಯಕ್ಕೆ ಈ ಕಡೆಗೆ ತಿರುಗ್ಸಿ."